ಬಿಡಿಸಿಕೊಳ್ಳದ ಒತ್ತೆ

ಅಮೆರಿಕದ ನೆವಾಡ ರಾಜ್ಯದ ಲಾಸ್ ವೇಗಸ್ ಜೂಜಿಗೆ ಹೆಸರಾದ ನಗರ. 2016ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಜೂಜುಕಟ್ಟೆಗಳ ದೀಪವೈಭವ ನನ್ನ ಮನಸ್ಸನ್ನು ಹೆಚ್ಚು ಹಿಡಿಯಲಿಲ್ಲ. ನಾನು ನೋಡಬಯಸಿದ್ದು 'ಗೋಲ್ಡ್ ಅಂಡ್ ಸಿಲ್ವರ್ ಪಾನ್ ಶಾಪ್' ಎಂಬ ಒತ್ತೆಯ ಅಂಗಡಿಯನ್ನು. "ಇಷ್ಟು ದೂರ ಬಂದು ಗಿರವಿ ಅಂಗಡಿ ನೋಡೋದೇನಪ್ಪಾ?" ಎಂದು ಮಗಳು ನಕ್ಕಳು.

ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ರಿಚರ್ಡ್ ಹ್ಯಾರಿಸನ್ ಮತ್ತು ಅವರ ಮಗ ರಿಕ್ 1989ರಲ್ಲಿ ತೆರೆದ ಅಂಗಡಿಯಿದು. 2009ರಲ್ಲಿ ಹಿಸ್ಟರಿ ವಾಹಿನಿಯು 'ಪಾನ್ ಸ್ಟಾರ್ಸ್' ಎಂಬ ದೂರದರ್ಶನ ಮಾಲಿಕೆಯನ್ನು ಆರಂಭಿಸಿದ ಮೇಲೆ, ದಿನಕ್ಕೆ 70ರಿಂದ 100 ಜನ ಬರುತ್ತಿದ್ದಲ್ಲಿ 1,000ಕ್ಕೂ ಮಿಕ್ಕಿ ಜನ ಬರತೊಡಗಿದರು. ಹಿರಿಯ ಹ್ಯಾರಿಸನ್ 2018ರಲ್ಲಿ ತೀರಿಕೊಂಡರು.

ಅಂಗಡಿಯಿರುವ ರಸ್ತೆಯಲ್ಲಿಯೇ ಕ್ಷಣಾರ್ಧದಲ್ಲಿ ಮದುವೆ ಮಾಡಿಸಿಕೊಡುವ ಪುಟ್ಟ ಪ್ರಾರ್ಥನಾಮಂದಿರಗಳೂ ಇವೆ. ಒಳಗೆ ಹೋದರೆ ಗಾಜಿನ ಪೆಟ್ಟಿಗೆಯೊಂದರ ತುಂಬ ಮದುವೆಯ ಉಂಗುರಗಳು! ಹಳೆಯ ನಾಣ್ಯ, ಪಿಸ್ತೂಲು, ಗಡಿಯಾರ, ವರ್ಣಚಿತ್ರ, ಗಿಟಾರುಗಳ ಮುಂದೆ ಪ್ರವಾಸಿಗರ ನೂಕುನುಗ್ಗಲು. ಈ ಅಂಗಡಿಗೆ ಖ್ಯಾತಿ ತಂದ ವಸ್ತುಗಳಲ್ಲೊಂದು, 2001ರ ಸಾಲಿನ ಸೂಪರ್ ಬೌಲ್ ಗೆದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಆಟಗಾರನೊಬ್ಬನ ವಿಜಯದ ಉಂಗುರ. ಅವನು ಒತ್ತೆಯಿಟ್ಟನು, ಮರಳಿ ಬರಲಿಲ್ಲ.

ವ್ಯವಹಾರದ ಕ್ರಮ ನಮಗೆ ಹೊಸತೇನಲ್ಲ. ವಸ್ತುವಿನ ಬೆಲೆಯಲ್ಲಿ ಒಂದಂಶವನ್ನು ಸಾಲವಾಗಿ ಕೊಡುತ್ತಾರೆ. ಅವಧಿಯೊಳಗೆ ಅಸಲು ಬಡ್ಡಿ ತೆತ್ತರೆ ವಸ್ತು ಮರಳುತ್ತದೆ. ಇಲ್ಲವಾದರೆ ಅಂಗಡಿಯದಾಗುತ್ತದೆ, ಸಾಲವೂ ಅಲ್ಲಿಗೆ ತೀರುತ್ತದೆ. ನಮ್ಮಲ್ಲಿಯಾದರೋ 1961ರ ಗಿರವಿದಾರರ ಕಾಯಿದೆಯಂತೆ ಬಿಡಿಸಿಕೊಳ್ಳದ ಒತ್ತೆ ಹರಾಜಿಗೆ ಹೋಗಬೇಕು. ಹಿಂದೆ ಇಟಲಿಯ ಪೆರೂಜದಲ್ಲಿ, 1462ರಲ್ಲಿ, ಬಡವರನ್ನು ಬಡ್ಡಿಕೋರರಿಂದ ಉಳಿಸಲೆಂದು ಫ್ರಾನ್ಸಿಸ್ಕನ್ ಸಂನ್ಯಾಸಿಗಳೇ ಒತ್ತೆಯ ನಿಧಿಯೊಂದನ್ನು ಸ್ಥಾಪಿಸಿದ್ದರೆಂಬುದನ್ನು ಓದಿದ್ದೆ. ಕಾವಿ ತೊಟ್ಟವರ ಆಶ್ರಯದಲ್ಲಿ ಕಲಿತ ನಮಗೆ ಇದು ಅಷ್ಟೇನೂ ವಿಚಿತ್ರವೆನಿಸದು.

ಪ್ರವಾಸಿಗರು "ಎಂಥ ಅಪರೂಪದ ವಸ್ತು!" ಎಂದು ಉದ್ಗರಿಸುತ್ತಿದ್ದರು. ನನಗೆ ಕಂಡದ್ದು, ಪ್ರತಿಯೊಂದರ ಹಿಂದೆ ಬಾರದೆ ಉಳಿದ ಒಬ್ಬ ಮನುಷ್ಯ. ಎಲ್ಲವೂ ಒತ್ತೆ ಮುಳುಗಿದವಲ್ಲ, ಮಾರಲೆಂದೇ ತಂದವೂ ಬಹಳ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೂ ಬೆಲೆಯ ಚೀಟಿಯಲ್ಲಿ ಕ್ಯಾರೆಟ್ ಇದೆ, ಡಾಲರ್ ಇದೆ, ಯಾರ ಬೆರಳಿನದೆಂಬುದಿಲ್ಲ.

ನನ್ನ ಕಾಲೇಜಿನ ಶುಲ್ಕಕ್ಕಾಗಿ ತಾಯಿಯವರು ತಮ್ಮ ಜೋಡಿ ಪಾಟಲಿಗಳನ್ನು ಒತ್ತೆಯಿಟ್ಟಿದ್ದರು. ಎರಡು ವರ್ಷ ಮಳೆಯಾಗಲಿಲ್ಲ, ಬಡ್ಡಿ ಬೆಳೆಯಿತು, ಒತ್ತೆ ಮುಳುಗಿತು. ಅವರು ಆ ಕುರಿತು ಒಂದು ಮಾತನ್ನೂ ಆಡಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಟ್ರಂಕಿನ ತಳದಲ್ಲಿ, ಮಡಿಸಿದ ಇಳಕಲ್ಲ ಸೀರೆಯ ನಡುವೆ, ಆ ಚೀಟಿ ಸಿಕ್ಕಿತು. ಪಾಟಲಿಗಳು ಕರಗಿ ಯಾರ ಮನೆಯ ಸರವಾದವೋ, ಯಾವ ಪ್ರದರ್ಶನದಲ್ಲಿಯೂ ಅವು ಕಾಣಸಿಗಲಾರವು.

ಹೊರಡುವ ಹೊತ್ತಿಗೆ ಒಬ್ಬ ತರುಣ ಕಟ್ಟೆಯ ಬಳಿ ಬಂದು ಚೀಟಿ ಕೊಟ್ಟು ಹಣ ಎಣಿಸಿದನು. ಒಳಗಿನಿಂದ ಗಿಟಾರಿನ ಪೆಟ್ಟಿಗೆಯೊಂದು ಬಂದಿತು. ಅವನು ಅಲ್ಲಿಯೇ ಅದನ್ನು ತೆರೆದು, ಒಂದು ತಂತಿಯನ್ನು ಮೀಟಿ, ಕಿವಿಗೊಟ್ಟು ಕೇಳಿ, ಪೆಟ್ಟಿಗೆಯನ್ನು ಮುಚ್ಚಿದನು. ಛಾಯಾಚಿತ್ರ ತೆಗೆಯುವವರಾರೂ ಅತ್ತ ತಿರುಗಲಿಲ್ಲ. ನಾನು ಬಾಗಿಲನ್ನು ಹಿಡಿದು ಅವನಿಗೆ ದಾರಿ ಬಿಟ್ಟೆನು.