ತೆಪ್ಪದ ಮೇಲೆ ಇಬ್ಬರು

ಪಠ್ಯಪುಸ್ತಕದ ಮರೆಯಲ್ಲಿ ಬಚ್ಚಿಟ್ಟು ಓದಿದ ಪುಸ್ತಕಗಳೇ ಮನಸ್ಸಿನಲ್ಲಿ ಉಳಿಯುತ್ತವೆಂದರೆ ನಮ್ಮ ಅಧ್ಯಾಪಕರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ. ಅವರೂ ಒಂದು ಕಾಲಕ್ಕೆ ವಿದ್ಯಾರ್ಥಿಗಳೇ ಅಲ್ಲವೆ? ನನ್ನ ಪಾಲಿಗೆ ಅಂಥ ಪುಸ್ತಕ ಮಾರ್ಕ್ ಟ್ವೇನನ 'ಹಕಲ್‌ಬರಿ ಫಿನ್'.

ಎಂಟನೆಯ ತರಗತಿಯಲ್ಲಿ ಮಕ್ಕಳಿಗಾಗಿ ಸಂಗ್ರಹಿಸಿದ ಪ್ರತಿಯೊಂದು ಕೈಗೆ ಸಿಕ್ಕಿತು. ಆಗ ನಾನು ಕಂಡದ್ದು ಹಕ್‌ನೊಬ್ಬನನ್ನೇ. ಕುಡುಕ ತಂದೆ ಅವನನ್ನು ಕಾಡಿನ ಗುಡಿಸಲಿನಲ್ಲಿ ಕೂಡಿಹಾಕುತ್ತಾನೆ. ಹುಡುಗ ಗೋಡೆಯ ಮರ ಕೊಯ್ದು ಹೊರಬಂದು, ಹಂದಿಯ ರಕ್ತ ಚೆಲ್ಲಿ, ತಾನು ಸತ್ತೆನೆಂದು ಊರನ್ನೇ ನಂಬಿಸಿ ಮಿಸಿಸಿಪಿ ಹೊಳೆಗೆ ಇಳಿಯುತ್ತಾನೆ. ಸ್ಕೂಲಿಲ್ಲ, ಪ್ರಾರ್ಥನೆಯಿಲ್ಲ, ಬಿಗಿಯಾದ ಅಂಗಿಯಿಲ್ಲ! 1885ರಲ್ಲಿ ಮ್ಯಾಸಚೂಸೆಟ್ಸಿನ ಕಾಂಕರ್ಡ್ ಊರಿನ ಪುಸ್ತಕಭಂಡಾರದವರು ಇದನ್ನು ಹೊರಹಾಕಿದರು. ನಮ್ಮ ತಂದೆಯವರಾದರೂ ಹಾಗೆಯೇ ಮಾಡುತ್ತಿದ್ದರು.

ಏಕೆಂದರೆ ಓದಿದ ವಾರದೊಳಗೆ ನಾನೂ ಓಡಿಹೋದೆ. ಜೊತೆಗೆ ನಮ್ಮ ದನ ಕಾಯುತ್ತಿದ್ದ ಹುಡುಗ. ಬಾಳೆದಿಂಡಿನ ತೆಪ್ಪ ಕಟ್ಟಿದವನು ಅವನೇ. ನನಗೆ ಗಂಟು ಹಾಕಲೂ ಬರುತ್ತಿರಲಿಲ್ಲ. ಊರ ಹೊಳೆಯಲ್ಲಿ ಒಂದು ಮೈಲಿ ಸಾಗುವುದರೊಳಗೆ ತೆಪ್ಪ ಬಿಚ್ಚಿಕೊಂಡಿತು. ಸಂಜೆ ತೊಯ್ದು ತೊಪ್ಪೆಯಾಗಿ ಮನೆ ಸೇರಿದೆವು. ಅಮ್ಮ ನನ್ನ ತಲೆ ಒರಸಿ ಬಿಸಿ ಸಾರನ್ನ ಬಡಿಸಿದಳು. ಹಿತ್ತಿಲಿನಲ್ಲಿ ಅವನಿಗೆ ಬೀಳುತ್ತಿದ್ದ ಏಟಿನ ಸದ್ದು ನಾನು ಊಟಕ್ಕೆ ಕುಳಿತಲ್ಲಿಗೇ ಕೇಳುತ್ತಿತ್ತು. ಹೊರಡೋಣವೆಂದವನು ನಾನೆಂದು ನಾನು ಹೇಳಲಿಲ್ಲ. ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಕಳೆದ ವರ್ಷ ಮೂಲವನ್ನೇ ಓದಿದಾಗ, ತೆಪ್ಪದ ಮೇಲೆ ಇನ್ನೊಬ್ಬನಿದ್ದಾನೆಂಬುದು ನನಗೆ ಕಾಣಿಸಿತು. ಅವನು ಜಿಮ್, ಗುಲಾಮ. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ರದ್ದಾಯಿತು. ಕಥೆ ಅದಕ್ಕೂ ಹಿಂದಿನದು. ಎಂಟುನೂರು ಡಾಲರಿಗೆ ತನ್ನನ್ನು ಮಾರುವರೆಂದು ಕೇಳಿ ಓಡಿಬಂದವನು. ದುಡಿದು ಹೆಂಡತಿ ಮಕ್ಕಳನ್ನು ಕೊಂಡು ಬಿಡಿಸಬೇಕೆಂಬುದು ಅವನ ಆಸೆ. ಕೈರೊ ಎಂಬ ಊರಿನ ಬಳಿ ಓಹಿಯೊ ನದಿ ಬಂದು ಸೇರುತ್ತದೆ. ಅಲ್ಲಿ ತಿರುಗಿದರೆ ಗುಲಾಮಗಿರಿಯಿಲ್ಲದ ರಾಜ್ಯಗಳು. ಮಂಜಿನಲ್ಲಿ ಅವರು ಕೈರೊವನ್ನು ದಾಟಿಬಿಡುತ್ತಾರೆ. ಅಲ್ಲಿಂದಾಚೆಗೆ ಹೊಳೆ ಹರಿದಷ್ಟೂ ಹಕ್‌ನಿಗೆ ಸಾಹಸ, ಜಿಮ್‌ನಿಗೆ ಗುಲಾಮಗಿರಿಯ ನಡುಮನೆ!

ಜಿಮ್‌ನ ಸುಳಿವನ್ನು ಅವನ ಒಡತಿಗೆ ತಿಳಿಸುವುದೇ ಧರ್ಮ, ತಿಳಿಸದಿದ್ದರೆ ನರಕ ಎಂದು ಹಕ್ ನಂಬಿದ್ದವನು. ಕಾಗದವನ್ನೂ ಬರೆಯುತ್ತಾನೆ. ತನ್ನನ್ನು ಎಬ್ಬಿಸದೆ ಜಿಮ್ ತನ್ನ ಪಾಳಿಯ ಕಾವಲನ್ನೂ ಕಾದ ರಾತ್ರಿಗಳು ನೆನಪಾಗುತ್ತವೆ. ನರಕವಾದರೂ ಆಗಲೆಂದು ಕಾಗದವನ್ನು ಹರಿದುಹಾಕುತ್ತಾನೆ. ಆಮೇಲೆ ಟಾಮ್ ಸಾಯರ್ ಬಂದು ಜಿಮ್‌ನ ಬಿಡುಗಡೆಯನ್ನು ಮಕ್ಕಳಾಟ ಮಾಡುವ ಅಧ್ಯಾಯಗಳು ನನಗೆ ಹಿಡಿಸಲಿಲ್ಲ. ಬಹುಶಃ ಅಲ್ಲಿ ನನ್ನ ಮುಖವೇ ಕಂಡದ್ದರಿಂದಿರಬೇಕು.

ಈ ಸಲ ರಜೆಗೆ ಹೋಗಿ ಬಸ್ಸಿನಿಂದಿಳಿದಾಗ ಎದುರಿಗೆ ಅವನೇ ಸಿಕ್ಕಿದ. "ಯಾವಾಗ ಬಂದ್ರಿ, ಸಣ್ಣಯ್ಯಾ?" ಎನ್ನುತ್ತ ನನ್ನ ಪೆಟ್ಟಿಗೆಗೆ ಕೈಹಾಕಿದ. ಪೆಟ್ಟಿಗೆಯನ್ನು ಅವನಿಗೆ ಕೊಡದೆ ನಾನೇ ಹೊತ್ತೆ. ಮನೆಯ ತನಕ ಇಬ್ಬರೂ ಮಳೆಯ ವಿಷಯ ಮಾತಾಡಿದೆವು.