ಅಟ್ಲಾಂಟಾ ನಗರದಲ್ಲಿ ಒಂದು ಋಣಪಾಠ

ಅಮೆರಿಕಾದ ಜಾರ್ಜಿಯಾ ಸಂಸ್ಥಾನಕ್ಕೆ ರಾಜಧಾನಿಯಾದ ಅಟ್ಲಾಂಟಾ ನಗರದಲ್ಲಿ ನಮ್ಮ ಕಣ್ಣನ್ನು ಮೊದಲು ಸೆಳೆದುದು ಅಲ್ಲಿಯ ಕೆಮ್ಮಣ್ಣು. ಅದನ್ನು ಕಂಡು ನಮ್ಮ ಸೀಮೆಯ ಹೊಲಗಳೇ ನೆನಪಾದುವು. ಊರೆಲ್ಲ ಮರಗಳ ನೆರಳು. ಪೀಚ್‌ಟ್ರೀ ಎಂಬ ಹೆಸರಿನ ಬೀದಿಗಳು ಹಲವಾಗಿರುವುದರಿಂದ ಹೊಸಬರು ದಾರಿ ತಪ್ಪುವುದು ಸಹಜ. ಈ ಊರಿನಲ್ಲಿ ನಾವು ಕಲಿತ ಪಾಠವೊಂದನ್ನು, ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಗೃಹಸ್ಥರಿಗೆ ತಿಳಿಸುವುದು ಯುಕ್ತವೆಂದು ತೋರುತ್ತದೆ.

ನಮ್ಮ ಮಗನು ಅಲ್ಲಿ ಉದ್ಯೋಗಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅವನೊಡನೆ ಬಾಡಿಗೆಯ ಮನೆಯೊಂದನ್ನು ನೋಡಲು ಹೋದೆವು. ಮನೆಯೊಡೆಯನು ವಿನಯದಿಂದಲೇ ಮಾತನಾಡಿ, ಇವನಿಗೆ ಪತ್ತಿನ ದಾಖಲೆ, ಎಂದರೆ ಸಾಲ ಮಾಡಿ ತೀರಿಸಿದುದರ ವೃತ್ತಾಂತ, ಇಲ್ಲವೆಂದು ಹೆಚ್ಚಿನ ಮುಂಗಡವನ್ನು ಕೇಳಿದನು. ನಮಗೆ ಮುಖಭಂಗವಾಯಿತು. ಅಂಗಡಿಯಲ್ಲಿ ಒಂದು ಕಾಸನ್ನೂ ಉದ್ರಿ ಬರೆಸದ ಮನೆತನ ನಮ್ಮದು.

“ಸಾಲವಿಲ್ಲದಿರುವುದೂ ಇಲ್ಲಿ ತಪ್ಪೇನಪ್ಪಾ?” ಎಂದು ಕೇಳಿದೆವು.

“ತಪ್ಪಲ್ಲ, ಅಣ್ಣಾ. ನಮ್ಮನ್ನು ಬಲ್ಲವರು ಇಲ್ಲಿ ಯಾರಿದ್ದಾರೆ? ಅದಕ್ಕೇ ಪುಸ್ತಕ ನೋಡುತ್ತಾರೆ” ಎಂದನು.

ಆ ಪುಸ್ತಕದ ಚರಿತ್ರೆಯೂ ಈ ಊರಿನದೇ. ಗಿರಾಕಿಗಳಲ್ಲಿ ಸಾಲವನ್ನು ಸರಿಯಾಗಿ ತೀರಿಸುವವರು ಯಾರೆಂಬ ವಿವರವನ್ನು ವರ್ತಕರಿಗೆ ಮಾರುವ ಸಂಸ್ಥೆಯೊಂದನ್ನು ವುಲ್‌ಫರ್ಡ್ ಸಹೋದರರು 1899ರಲ್ಲಿ ಇಲ್ಲಿ ಸ್ಥಾಪಿಸಿದರು. 1975ರಲ್ಲಿ ಅದಕ್ಕೆ ಈಕ್ವಿಫ್ಯಾಕ್ಸ್ ಎಂಬ ಹೆಸರು ಬಂದಿತು. ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಇನ್ನೆರಡು ಸಂಸ್ಥೆಗಳೂ ಇದೇ ಕಾರ್ಯದಲ್ಲಿವೆ. ಇವುಗಳ ದಾಖಲೆಯಿಂದ 300ರಿಂದ 850ರವರೆಗಿನ ಅಂಕವನ್ನು ಎಣಿಸುವರು. ಸಂಬಳವಾಗಲಿ ಉಳಿತಾಯವಾಗಲಿ ಈ ಎಣಿಕೆಗೆ ಬಾರದು. ಭಾರತದ ದಾಖಲೆಯೂ ಸಾಮಾನ್ಯವಾಗಿ ಕಡಲು ದಾಟದು. ವರ್ಗಾವಣೆಯ ಪತ್ರವಿಲ್ಲದೆ ಬಂದ ಹುಡುಗನನ್ನು ನಾವು ದಡ್ಡನೆನ್ನುತ್ತಿರಲಿಲ್ಲ. ಪರೀಕ್ಷಿಸಿಯೇ ತರಗತಿಗೆ ಸೇರಿಸುತ್ತಿದ್ದೆವು. ಇದೂ ಹಾಗೆಯೇ.

ಉಪಾಯವು ಸುಲಭವಾದುದು. ಬ್ಯಾಂಕಿನಲ್ಲಿ ಸ್ವಲ್ಪ ಹಣವನ್ನು ಠೇವಣಿಯಿಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡನ್ನು ಪಡೆಯಬೇಕು. ಅದರಿಂದ ಮಿತವಾಗಿ ಸಾಮಾನು ಕೊಂಡು, ಗಡುವಿನೊಳಗೆ ಪೂರ್ಣ ಹಣವನ್ನು ಕಟ್ಟುತ್ತ ಬಂದರೆ ಸುಮಾರು ಆರು ತಿಂಗಳಿಗೆ ಅಂಕವು ಹುಟ್ಟುತ್ತದೆ. ಗಡುವು ಮೀರಿ ಮೂವತ್ತು ದಿನ ಕಳೆದರೆ ಆ ಕಲೆಯು ಏಳು ವರ್ಷ ಉಳಿಯಬಹುದು. ದಾಖಲೆಯನ್ನು ಉಚಿತವಾಗಿ ತರಿಸಿ ನೋಡಬಹುದು. ತಪ್ಪಿದ್ದರೆ ತಿದ್ದಿಸುವ ಹಕ್ಕಿಗೆ 1970ರ ಶಾಸನವು ಆಧಾರವಾಗಿದೆ.

ನಾವು ಹೊರಡುವ ವಾರ ಮಗನು ತನ್ನ ಮೊದಲ ಅಂಕವನ್ನು ತೋರಿಸಿದನು. ಊರಿನಲ್ಲಿ ಅವನು ಮೇಷ್ಟರ ಮಗ. ಆ ಮಾತೇ ಅವನಿಗೆ ಜಾಮೀನಾಗಿತ್ತು. ಇಲ್ಲಿ ಅಕ್ಕಿಬೇಳೆಯ ಬಾಕಿಯನ್ನು ತಿಂಗಳು ತಿಂಗಳೂ ತೀರಿಸಿ, ತನ್ನ ಹೆಸರನ್ನು ತಾನೇ ಬರೆದುಕೊಂಡಿದ್ದನು. ನಮಗಾಗಿದ್ದ ಮುಖಭಂಗವು ಅಂದು ಮರೆತುಹೋಯಿತು.