ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ದಿನದ ಪಾಠ

ಹಲವು ವರ್ಷಗಳ ಹಿಂದಿನ ಮಾತು. ವಾರ್ಷಿಕ ಪ್ರವಾಸ ಮುಗಿಸಿ ಬಂದ ಮಕ್ಕಳಿಗೆ ಕಂಡದ್ದನ್ನು ಒಂದು ಪುಟ ಬರೆದು ತರಲು ಹೇಳಿದ್ದೆ. ಎರಡು ದಿನದಲ್ಲಿ ಎಂಟು ಸ್ಥಳ ನೋಡಿದ ಪ್ರವಾಸ ಅದು. ಆರನೇ ತರಗತಿಯ ಹುಡುಗನೊಬ್ಬ ಹೀಗೆ ಬರೆದಿದ್ದ: “ಬಸ್ಸಿನಲ್ಲಿ ನನಗೆ ಮೂರು ಸಲ ವಾಂತಿ ಆಯಿತು. ಎರಡು ಸಿನಿಮಾ ಹಾಕಿದರು. ಬೇಲೂರಿನಲ್ಲಿ ಊಟ ಚೆನ್ನಾಗಿತ್ತು. ಹಳೇಬೀಡಿಗೆ ಹೋದಾಗ ಕತ್ತಲಾಗಿತ್ತು.”

ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಹುಡುಗ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪ್ರವಾಸದ ಪಟ್ಟಿ ಹಾಕಿದವನು ನಾನೇ. ಕೊಟ್ಟ ಹಣಕ್ಕೆ ಹೆಚ್ಚು ಜಾಗ ತೋರಿಸಬೇಕು ಎಂಬ ಆಸೆಯಲ್ಲಿ ಯಾವ ಜಾಗವನ್ನೂ ತೋರಿಸದೆ ಕರೆತಂದಿದ್ದೆ. ಇನ್ನೂ ಒಂದು ಸಂಗತಿ ಮನಸ್ಸನ್ನು ಚುಚ್ಚಿತು. ಹಾಜರಿ ಪುಸ್ತಕದಲ್ಲಿ 42 ಮಕ್ಕಳಿದ್ದರೂ ಪ್ರವಾಸಕ್ಕೆ ಬಂದವರು 26 ಮಾತ್ರ. ಉಳಿದವರು “ನಮಗೆ ಬಸ್ಸು ಆಗಿಬರಲ್ಲ ಸಾರ್” ಎಂದಿದ್ದರು. ಅವರಿಗೆ ಆಗಿಬರದಿದ್ದುದು ಬಸ್ಸಲ್ಲ, ದುಡ್ಡು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಒಂದು ದಿನ, ಒಂದೇ ಊರು, ಎಲ್ಲ ಮಕ್ಕಳೂ ಬರಬೇಕು. ಹಾಗೆ ಹೋದ ಊರುಗಳಲ್ಲಿ ನನಗೂ ಮಕ್ಕಳಿಗೂ ಹೆಚ್ಚು ಕಲಿಸಿದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹಕ್ಕಿಗಳು ಕಾಡಿನಲ್ಲೋ ದ್ವೀಪದಲ್ಲೋ ಗೂಡು ಕಟ್ಟುವುದಿಲ್ಲ. ಜನರ ಮನೆಯ ಹಿತ್ತಿಲಿನ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ.

ಹೊರಡುವ ಮುನ್ನ

ಹೋಗುವ ಮೊದಲಿನ ವಾರ ಶಾಲೆಯಲ್ಲೇ ಕೆಲಸ ಶುರುವಾಯಿತು. ಬೆಳ್ಳೂರಿನ ಮುಖ್ಯ ಅತಿಥಿಗಳು ಇಬ್ಬರು: ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಹೆಜ್ಜಾರ್ಲೆಯ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರಿಗೂ ಹೆಚ್ಚು. ಪುಸ್ತಕದಲ್ಲಿ ಇದನ್ನು ಓದಿದ ಮಗುವಿಗೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ 2 ಮೀಟರ್ 20 ಸೆಂಟಿಮೀಟರ್ ಉದ್ದದ ಗೆರೆ ಎಳೆದು, ಅದರ ಮೇಲೆ ಕೈ ಚಾಚಿ ನಿಲ್ಲಲು ಹೇಳಿದೆ. ಐದನೇ ತರಗತಿಯ ಒಬ್ಬ ಹುಡುಗನ ತೋಳು ಸಾಲಲಿಲ್ಲ. ಇಬ್ಬರು ಕೈ ಹಿಡಿದು ನಿಲ್ಲಬೇಕಾಯಿತು. ತೂಕಕ್ಕೆ ಎದುರಿನ ಅಂಗಡಿಯ ತಕ್ಕಡಿ ತಂದೆವು. ಹೆಜ್ಜಾರ್ಲೆಯ ತೂಕ ಸುಮಾರು 4ರಿಂದ 6 ಕಿಲೋ. ಮಕ್ಕಳು ತಮ್ಮ ಪಾಟೀಚೀಲ ತೂಗಿ ನೋಡಿದರೆ ನಾಲ್ಕೂವರೆ ಕಿಲೋ! ಅಲ್ಲಿಂದ ಮುಂದೆ “ಒಂದು ಹೆಜ್ಜಾರ್ಲೆ ಅಂದರೆ ಒಂದು ಪಾಟೀಚೀಲ” ಎಂಬುದು ನಮ್ಮ ಶಾಲೆಯ ಅಳತೆಯಾಯಿತು. ಇಷ್ಟು ಭಾರ ಹೊತ್ತು ಆಕಾಶಕ್ಕೆ ಏರುವುದೆಂದರೇನು ಎಂದು ಆಗ ಕಣ್ಣರಳಿತು.

ಇನ್ನೊಂದು ಆಟ ಕೊಕ್ಕಿನದು. ಬಕೆಟ್ಟಿನ ನೀರಿಗೆ ಎಲೆಯ ಚೂರುಗಳನ್ನು ಹಾಕಿ “ಇವೇ ಮೀನು” ಎಂದೆ. ಒಬ್ಬನಿಗೆ ಇಕ್ಕಳ, ಇನ್ನೊಬ್ಬನಿಗೆ ಜರಡಿ. ಜರಡಿಯವನು ನೀರಿನ ಸಮೇತ ಬಾಚಿ, ನೀರು ಸೋರಿದ ಮೇಲೆ ಮೀನು ಎಣಿಸಿದ. ಹೆಜ್ಜಾರ್ಲೆ ತನ್ನ ಗಂಟಲ ಚೀಲದಿಂದ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆಮೇಲೆ ನೀರಿಗೆ ಮಣ್ಣು ಕಲಕಿ, ಇಕ್ಕಳ ಹಿಡಿದವನ ಕಣ್ಣಿಗೆ ಬಟ್ಟೆ ಕಟ್ಟಿದೆ. ಅವನು ಇಕ್ಕಳದ ಬಾಯಿ ಅರ್ಧ ತೆರೆದು ನೀರಲ್ಲಿ ಆಡಿಸಿ, ಏನಾದರೂ ತಾಕಿದ ಕೂಡಲೇ ಮುಚ್ಚಿದ. ಬಣ್ಣದ ಕೊಕ್ಕರೆ ಕೆರೆಯಲ್ಲಿ ಮೀನು ಹಿಡಿಯುವುದೂ ಹೀಗೆಯೇ. ಕಣ್ಣಿಗಿಂತ ಕೊಕ್ಕಿನ ಸ್ಪರ್ಶವನ್ನು ಅದು ಹೆಚ್ಚು ನಂಬುತ್ತದೆ.

ಬೀದಿಯೇ ತರಗತಿ

ಫೆಬ್ರವರಿಯ ಒಂದು ಶನಿವಾರ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟೆವು. 42 ಮಕ್ಕಳೂ ಇದ್ದರು. ಬಸ್ಸಿನಲ್ಲಿ ಸಿನಿಮಾ ಇರಲಿಲ್ಲ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿಲೋಮೀಟರ್ ಹೋದರೆ ಊರು ಬಂತು. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯಿತು. ಮೀನು ಮತ್ತು ಹಿಕ್ಕೆ ಸೇರಿದ ಘಾಟು ವಾಸನೆ. ಕೆಲವರು ಮೂಗು ಮುಚ್ಚಿಕೊಂಡರು. “ಈ ಊರಿನವರು ಮೂಗು ಮುಚ್ಚಿಕೊಂಡು ಬದುಕುತ್ತಾರಾ?” ಎಂದು ನಮ್ಮ ಜೊತೆಗೆ ಬಂದಿದ್ದ ಶಿಕ್ಷಕಿ ಕೇಳಿದ ಮೇಲೆ ಕೈಗಳು ಕೆಳಗಿಳಿದವು.

ತಲೆಯೆತ್ತಿದರೆ ಮರದ ತುಂಬ ಗೂಡು. ಬೂದು ಬಣ್ಣದ ಹೆಜ್ಜಾರ್ಲೆಗಳು ಗುಂಪುಗುಂಪಾಗಿ ಕೂತಿದ್ದವು. ಬಾಲದ ಬಳಿ ಗುಲಾಬಿ ಬಣ್ಣ ಬಳಿದುಕೊಂಡ ಕೊಕ್ಕರೆಗಳು ಕೊಕ್ಕು ಕುಟ್ಟಿ ಪಟಪಟ ಸದ್ದು ಮಾಡುತ್ತಿದ್ದವು. ಕೆಳಗೆ ದನ ಕಟ್ಟಿತ್ತು, ಪಕ್ಕದ ಅಂಗಳದಲ್ಲಿ ಹೆಂಗಸೊಬ್ಬರು ಪಾತ್ರೆ ಬೆಳಗುತ್ತಿದ್ದರು. ಯಾರೂ ಯಾರಿಗೂ ಹೆದರುತ್ತಿರಲಿಲ್ಲ.

ಏಳೇಳು ಮಕ್ಕಳ ಆರು ತಂಡ ಮಾಡಿದ್ದೆವು. ನೆರಳಿನ ತಂಡಕ್ಕೆ ಮರದ ಎತ್ತರ ಅಳೆಯುವ ಕೆಲಸ. ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳನ್ನು ಐದೈದು ನಿಮಿಷಕ್ಕೊಮ್ಮೆ ಅಳೆಯುತ್ತಿದ್ದರು. ಹತ್ತು ಗಂಟೆಯ ಆಸುಪಾಸಿಗೆ ಕೋಲೂ ನೆರಳೂ ಸರಿಸಮವಾದವು. ಆ ಹೊತ್ತಿನಲ್ಲಿ ಮರದ ನೆರಳು ಎಷ್ಟೋ ಮರವೂ ಅಷ್ಟೇ ಎತ್ತರ ತಾನೆ? ಆದರೆ ಅವರು ಆರಿಸಿದ ಮರದ ನೆರಳು ಹೆಂಚಿನ ಮನೆಯ ಮಾಡು ಹತ್ತಿ ಕುಳಿತಿತ್ತು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಜಗಳವಾಡಿ, ಬಯಲಿನಲ್ಲಿ ನೆರಳು ಬೀಳುವ ಇನ್ನೊಂದು ಮರಕ್ಕೆ ಓಡಿದರು. ಅದು 11 ಮೀಟರ್ 40 ಸೆಂಟಿಮೀಟರ್ ಎಂದು ಬರೆದುಕೊಂಡರು.

ಎಣಿಕೆಯ ತಂಡದವರು ಒಂದು ಕೊಂಬೆಯಲ್ಲಿ 6 ಗೂಡು ಎಣಿಸಿ, ಅಂಥ ನಾಲ್ಕು ಕೊಂಬೆ ಇದೆಯೆಂದು 24 ಎಂದರು. ಒಂದೊಂದಾಗಿ ಎಣಿಸಿದಾಗ ಸಿಕ್ಕಿದ್ದು 19. ಎಲ್ಲ ಕೊಂಬೆಯೂ ಗೂಡಿನ ಭಾರ ತಾಳುವಷ್ಟು ಗಟ್ಟಿಯಲ್ಲ ಎಂಬ ಕಾರಣವನ್ನು ಅವರೇ ಹುಡುಕಿದರು.

ಅತ್ಯಂತ ಕಷ್ಟದ ಕೆಲಸ ಗೂಡಿನ ತಂಡದ್ದು. ಒಂದೇ ಗೂಡನ್ನು ಒಂದು ಗಂಟೆ ನೋಡುತ್ತಾ ಕೂರಬೇಕು. ಕಾಲು ಗಂಟೆಗೇ “ಏನೂ ಆಗ್ತಾ ಇಲ್ಲ ಸಾರ್” ಎಂಬ ದೂರು ಬಂತು. ಆಗದಿದ್ದರೆ ‘ಏನೂ ಆಗಲಿಲ್ಲ’ ಎಂದೇ ಬರೆಯಿರಿ ಎಂದೆ. ಮುಕ್ಕಾಲು ಗಂಟೆಯಾದ ಮೇಲೆ ಒಬ್ಬ ಹುಡುಗಿ ಮೆಲ್ಲಗೆ ಬಂದು, “ಸಾರ್, ಆ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು ರೆಕ್ಕೆ ಬಿಚ್ಚಿದೆ. ಬಿಸಿಲು ಸರಿದ ಹಾಗೆ ಅದೂ ತಿರುಗ್ತಾ ಇದೆ. ಮರಿಗಳಿಗೆ ನೆರಳು ಮಾಡ್ತಾ ಇದೆ,” ಎಂದಳು. ಮೂವತ್ತು ವರ್ಷದ ಹತ್ತಿರ ವಿಜ್ಞಾನ ಪಾಠ ಮಾಡಿದ ನಾನು ಅದನ್ನು ಅಷ್ಟು ಗಮನವಿಟ್ಟು ನೋಡಿದ್ದು ಅಂದೇ ಮೊದಲು.

ಹುಣಸೆಹಣ್ಣಿನ ಲೆಕ್ಕ

ಮಾತಿನ ತಂಡದವರಿಗೆ ಊರವರನ್ನು ಕೇಳುವ ಕೆಲಸ. ಐದನೇ ತರಗತಿಯ ಹುಡುಗಿಯೊಬ್ಬಳು ಜಗುಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದಳು: “ಅಜ್ಜಿ, ಹಕ್ಕಿ ಗೂಡು ಕಟ್ಟಿದರೆ ನಿಮಗೆ ಹುಣಸೆಹಣ್ಣು ಹೆಂಗೆ ಸಿಗ್ತದೆ?”

“ಸಿಗಾಕಿಲ್ಲ ಕಣವ್ವ. ಗೂಡಿರೋ ಮರ ಬಡಿಯಾಕಾಯ್ತದಾ? ತವರಿಗೆ ಬಾಣಂತನಕ್ಕೆ ಬಂದ ಮಗಳ ಮುಂದೆ ಹುಣಸೆಹಣ್ಣಿನ ಲೆಕ್ಕ ಮಾಡ್ತಾರಾ?” ಎಂದರು ಅಜ್ಜಿ.

ಇಡೀ ಊರು ಹೇಳುವ ಮಾತು ಇದು. ಮಳೆಗಾಲ ಹಿಂದೆ ಸರಿದ ಮೇಲೆ ಬರುವ ಹಕ್ಕಿಗಳು ಮೊಟ್ಟೆಯಿಟ್ಟು, ಮರಿ ಬೆಳೆಸಿ, ಮುಂದಿನ ಮಳೆಯ ಹೊತ್ತಿಗೆ ಹೊರಡುತ್ತವೆ. ಅವು ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ ತಲೆಮಾರುಗಳಿಂದ ನಡೆದು ಬಂದಿದೆ. ಮರದಡಿಯ ಗುಂಡಿಯಲ್ಲಿ ಕೆರೆಮಣ್ಣು ಹರಡಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುವ ರೂಢಿಯೂ ಇದೆ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಧಾರಾಳ. ಶಿಂಷಾ ನದಿಯಲ್ಲೂ ಸುತ್ತಲ ಕೆರೆಗಳಲ್ಲೂ ಹಿಡಿದ ಮೀನು ಹೀಗೆ ಸುತ್ತಿಬಳಸಿ ಗದ್ದೆಗೆ ಸೇರುತ್ತದೆ.

ಅಜ್ಜಿಯ ಮಾತು ಕೇಳುತ್ತಾ ನಿಂತಿದ್ದ ಅವರ ಮಗ ಮಾತ್ರ ಬೇರೆಯೇ ಲೆಕ್ಕ ಹೇಳಿದರು. “ಅವ್ವ ಹಂಗೇ ಅಂತದೆ. ಹಣ್ಣು ಬಿಟ್ಟಿದ್ದಕ್ಕೆ ಸರ್ಕಾರ ಪರಿಹಾರ ಅಂತ ಕೊಡ್ತದೆ, ಅದು ಹಣ್ಣಿನ ಬೆಲೆಗೆ ಸಮ ಬರಾಕಿಲ್ಲ. ಮರಕ್ಕೂ ವಯಸ್ಸಾಯ್ತು. ಮನೆ ದೊಡ್ಡದು ಮಾಡ್ಬೇಕು ಅಂದ್ರೆ ಮರ ತೆಗೀಬೇಕು. ಈಗಿನವರು ಯಾಕೆ ಹುಣಸೆ ನೆಡ್ತಾರೆ ಹೇಳಿ?”

ಹುಡುಗಿ ಎರಡೂ ಉತ್ತರಗಳನ್ನು ಒಂದರ ಕೆಳಗೊಂದು ಬರೆದುಕೊಂಡಳು. ಆಮೇಲೆ ತಂಡದವರು ತಮ್ಮಷ್ಟಕ್ಕೆ ಒಂದು ಕೆಲಸ ಮಾಡಿದರು. ನಾವು ನಡೆದ ಬೀದಿಯಲ್ಲಿ ಗೂಡಿರುವ ದೊಡ್ಡ ಮರಗಳನ್ನೂ ಎಳೆಯ ಹುಣಸೆಗಿಡಗಳನ್ನೂ ಎಣಿಸಿದರು. ದೊಡ್ಡವು 9, ಎಳೆಯದು 1. ಮಕ್ಕಳಿಗೆ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಊಟದ ಮೊದಲು ಮರದಡಿ ಸತ್ತ ಮರಿಯೊಂದು ಕಾಣಿಸಿತು. ಗೂಡಿನಿಂದ ಬಿದ್ದದ್ದು. ಒಂದಿಬ್ಬರು ಅಳತೊಡಗಿದರು. ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ಹಾರಲು ಬಿಡುವ ಕೆಲಸವನ್ನು 1990ರ ದಶಕದಲ್ಲಿ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಕೈಗೊಂಡದ್ದನ್ನು ಹೇಳಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾದದ್ದನ್ನೂ, 2017ರ ಕೊನೆಯಿಂದ ಕೆಲವು ತಿಂಗಳು ಹಲವಾರು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳು ಕಂಡುಬಂದದ್ದನ್ನೂ ಹೇಳಿದೆ. ಪ್ರೀತಿಯೊಂದರಿಂದಲೇ ಹಕ್ಕಿ ಉಳಿಯುವುದಿಲ್ಲ, ಕೆರೆಯ ನೀರು ಮತ್ತು ಮೀನು ಕೂಡ ಆರೋಗ್ಯವಾಗಿರಬೇಕು ಎಂಬುದಕ್ಕೆ ಬೇರೆ ಪಾಠ ಬೇಕಿರಲಿಲ್ಲ.

ಮರಳಿ ಬಂದ ಮೇಲೆ

ಮನೆಯೊಡೆಯರನ್ನು ಕೇಳಿ, ಮಣ್ಣಿನ ತಂಡದವರು ಒಂದು ಚೀಲ ಗುಂಡಿಯ ಮಣ್ಣು ತಂದಿದ್ದರು. ಶಾಲೆಯಲ್ಲಿ ಮೂರು ಕುಂಡಗಳಲ್ಲಿ ರಾಗಿ ಹಾಕಿದೆವು. ಒಂದಕ್ಕೆ ಬರಿಯ ಮಣ್ಣು, ಒಂದಕ್ಕೆ ಒಂದು ಹಿಡಿ ಬೆಳ್ಳೂರಿನ ಮಣ್ಣು, ಮೂರನೆಯದಕ್ಕೆ ಅರ್ಧ ಕುಂಡ. ಅರ್ಧ ಕುಂಡದ್ದೇ ಗೆಲ್ಲುತ್ತದೆಂದು ಎಲ್ಲರೂ ಪಂದ್ಯ ಕಟ್ಟಿದರು. ಮೂರು ವಾರದಲ್ಲಿ ಹಿಡಿ ಮಣ್ಣಿನ ಪೈರು ಕಪ್ಪುಹಸಿರಾಗಿ ಎದ್ದಿತು, ಅರ್ಧ ಕುಂಡದ್ದು ಸುಟ್ಟಂತೆ ಹಳದಿಯಾಯಿತು. “ನೋಡಿದಿರಾ, ಅತಿಯಾದರೆ ಗೊಬ್ಬರವೂ ವಿಷ” ಎಂದು ನಾನು ಹೇಳುತ್ತಿದ್ದಂತೆ ಹಿಂದಿನ ಸಾಲಿನ ಹುಡುಗ ಎದ್ದು ನಿಂತ: “ಸಾರ್, ಆ ಕುಂಡ ಗೋಡೆ ಪಕ್ಕ ಇತ್ತು. ಅದಕ್ಕೆ ಬಿಸಿಲೇ ಬೀಳ್ತಿರಲಿಲ್ಲ.”

ಕುಂಡ ಇಟ್ಟವನು ನಾನೇ. ತಪ್ಪೊಪ್ಪಿಕೊಂಡು, ಮೂರನ್ನೂ ಒಂದೇ ಬಿಸಿಲಿನಲ್ಲಿಟ್ಟು ಮೊದಲಿನಿಂದ ಮಾಡಿದೆವು. ಫಲಿತಾಂಶ ಅದೇ ಬಂತು. ಆದರೆ ಈ ಸಲ ಅದನ್ನು ನಂಬಲು ಕಾರಣವಿತ್ತು. ಆ ವರ್ಷ ನಮ್ಮ ಶಾಲೆಯಲ್ಲಿ ನಡೆದ ಒಳ್ಳೆಯ ವಿಜ್ಞಾನ ಪಾಠ ಆ ಹುಡುಗನದೇ.

ತಂದೆ-ತಾಯಿಯರ ಸಭೆಯಲ್ಲಿ ಒಬ್ಬರು, “ಇದಕ್ಕೆಲ್ಲ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತೆ ಮೇಷ್ಟ್ರೇ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೂಲಿಯ ದುಡ್ಡಿನಲ್ಲಿ ಮಗುವನ್ನು ಕಳಿಸಿದವರು ಕೇಳಬೇಕಾದ್ದೇ. ನೆರಳಿನ ಲೆಕ್ಕ ಗಣಿತಕ್ಕೆ, ಗೊಬ್ಬರ ವಿಜ್ಞಾನಕ್ಕೆ, ಅಜ್ಜಿಯ ಮಾತು ಪ್ರಬಂಧಕ್ಕೆ ಎಂದು ಲೆಕ್ಕ ಒಪ್ಪಿಸಿದೆ. ಅವರು ತಲೆದೂಗಿದರು.

ನೀವೂ ಮಕ್ಕಳೊಂದಿಗೆ ಹೋಗುವುದಾದರೆ ಜನವರಿಯಿಂದ ಮಾರ್ಚಿಯವರೆಗಿನ ಕಾಲ ಒಳ್ಳೆಯದು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ತಲೆಗೆ ಟೋಪಿ ಇರಲಿ, ಬಿಸಿಲಿಗೂ ಹಿಕ್ಕೆಗೂ! ಕೂಗಾಟ, ಪಟಾಕಿ, ಕಲ್ಲೆಸೆತ ಬೇಡ. ಅದು ಮೃಗಾಲಯವಲ್ಲ, ಜನರ ಮನೆಯಂಗಳ. ಒಳಗೆ ಕಾಲಿಡುವ ಮುನ್ನ ಒಂದು ಮಾತು ಕೇಳಿ. ನಿಮ್ಮೂರಿನಿಂದ ಬೆಳ್ಳೂರು ದೂರವಾದರೆ ಊರ ಮುಂದಿನ ಕೆರೆ, ಕುಂಬಾರರ ಮನೆ, ಎಣ್ಣೆ ಗಾಣ ಯಾವುದಾದರೂ ಆದೀತು. ಒಂದು ಕೋಲು, ಒಂದು ಅಳತೆ ಪಟ್ಟಿ, ಒಂದು ನೋಟ್‌ಬುಕ್, ಒಂದಿಡೀ ದಿನದ ಪುರಸೊತ್ತು ಇಷ್ಟಿದ್ದರೆ ಸಾಕು.

ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲಿ ‘ಪಕ್ಷಿಗಳನ್ನು ಏಕೆ ರಕ್ಷಿಸಬೇಕು?’ ಎಂಬ ಪ್ರಶ್ನೆಯಿತ್ತು, ಎರಡು ಅಂಕದ್ದು. ಹಿಂದಿನ ವರ್ಷಗಳಲ್ಲಿ ಎಲ್ಲರೂ ಪುಸ್ತಕದ ಸಾಲನ್ನೇ ಬರೆಯುತ್ತಿದ್ದರು. ಅಜ್ಜಿಯನ್ನು ಮಾತಾಡಿಸಿದ ಹುಡುಗಿ ಆ ಸಾಲನ್ನು ಬರೆದು, ಕೆಳಗೆ ಇನ್ನೊಂದನ್ನು ಸೇರಿಸಿದ್ದಳು: “ಹಕ್ಕಿ ಕಾಯುವವರಿಗೆ ಹುಣಸೆಹಣ್ಣು ಸಿಗುವುದಿಲ್ಲ. ಅವರಿಗೆ ನಾವೇನು ಕೊಡಬೇಕು ಎಂದು ಪುಸ್ತಕದಲ್ಲಿ ಇಲ್ಲ.”

ಎರಡಕ್ಕೆ ಎರಡು ಅಂಕ ಕೊಟ್ಟೆ. ಅವಳು ಎತ್ತಿದ ಪ್ರಶ್ನೆಗೆ ಉತ್ತರ ನನ್ನ ಬಳಿಯೂ ಇರಲಿಲ್ಲ.